ಶಿರೂರಿನ ಸಮಾಧಿಯೂ ಬಾಸೆಲ್ಲಿನ ಗುರುವೂ

ಪುಣೆಯಿಂದ ಅಹಮದನಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಜಿಲ್ಲೆಯ ಗಡಿ ಮುಗಿಯುವಲ್ಲಿ, ಘೋಡ ನದಿಯ ದಡದ ಮೇಲೆ ಶಿರೂರು ಎಂಬ ಊರಿದೆ. ಶಿರೂರು ಎಂದೊಡನೆ ನಮ್ಮಲ್ಲಿ ಹಲವರಿಗೆ ಉಡುಪಿಯ ಅಷ್ಟಮಠಗಳಲ್ಲೊಂದು ನೆನಪಾಗುವುದು ಸಹಜ. ಇದು ಆ ಶಿರೂರಲ್ಲ. ಮರಾಠಿಗರು ಇದನ್ನು ಘೋಡನದಿ ಎಂದೂ ಕರೆಯುತ್ತಾರೆ. ಕಂಪನಿ ಸರಕಾರದ ಕಾಲದಲ್ಲಿ ಇಲ್ಲೊಂದು ದಂಡಿನ ಪ್ರದೇಶವಿತ್ತು. 1817ರ ಡಿಸೆಂಬರ್ 31ರಂದು ಕ್ಯಾಪ್ಟನ್ ಸ್ಟಾಂಟನ್ನನ ತುಕಡಿ ಕೋರೆಗಾಂವಿನ ಕಡೆಗೆ ಹೊರಟದ್ದು ಇಲ್ಲಿಂದಲೇ. ಮರುದಿನದ ಕಾಳಗ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ನಾವಿಲ್ಲಿ ಹೇಳಹೊರಟಿರುವುದು ಆ ಕಾಳಗದ ಕಥೆಯಲ್ಲ, ಅದಕ್ಕೂ ಎಂಟು ವರ್ಷ ಹಿಂದೆ ಇದೇ ಶಿರೂರಿನಲ್ಲಿ ಮಣ್ಣಾದ ಒಬ್ಬ ಸೇನಾಧಿಕಾರಿಯ ಸಮಾಧಿಯಿಂದ ಏಳುವ ಒಂದು ಪ್ರಶ್ನೆಯ ಕಥೆ.

ಕರ್ನಲ್ ವಿಲಿಯಂ ವಾಲೇಸ್ ಎಂಬಾತ 1809ರಲ್ಲಿ ಶಿರೂರಿನಲ್ಲಿ ತೀರಿಕೊಂಡ. 1885ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ ಪುಣೆ ಸಂಪುಟ ಅವನ ಸಮಾಧಿಯ ಬಗ್ಗೆ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದೆ. ಬ್ರಾಹ್ಮಣರು ಮತ್ತು ಮಾರವಾಡಿಗಳನ್ನು ಬಿಟ್ಟರೆ ಶಿರೂರಿನ ಹಾಗೂ ಸುತ್ತಲ ಹಳ್ಳಿಗಳ ಹಿಂದೂಗಳೆಲ್ಲ ಆ ಸಮಾಧಿಗೆ ನಡೆದುಕೊಳ್ಳುತ್ತಿದ್ದರು. ವಾಲೇಸನನ್ನು ‘ಸತ್ಪುರುಷ’ ಎಂದು ಕರೆಯುತ್ತಿದ್ದರು. ಸುಗ್ಗಿಯಲ್ಲಿ ಮೊದಲ ಕಾಳನ್ನು ತಂದು ಅಲ್ಲಿ ನೈವೇದ್ಯ ಮಾಡುತ್ತಿದ್ದರು. ಗೆಜೆಟಿಯರ್ ಬರೆದ ಅಧಿಕಾರಿಗೆ ಇದು ಸೋಜಿಗವೆನಿಸಿರಬೇಕು. ತುಳುನಾಡಿನ ಕಡೆಯಿಂದ ಬಂದವರಿಗೆ ಅಷ್ಟು ಸೋಜಿಗವೆನಿಸದು. ಸತ್ತ ವೀರನು ದೈವವಾಗಿ ಊರನ್ನು ಕಾಯುವುದು, ಬೆಳೆಯ ಮೊದಲ ಪಾಲನ್ನು ಅವನಿಗೆ ಸಲ್ಲಿಸುವುದು ನಾವು ಕಂಡರಿಯದ ಪದ್ಧತಿಯೇನಲ್ಲ. ಸೋಜಿಗವಿರುವುದು ಇಷ್ಟೇ: ಈ ದೈವ ಒಬ್ಬ ಕ್ರೈಸ್ತ ಕರ್ನಲ್ಲ.

ಈ ಕಾಳು, ಈ ನೈವೇದ್ಯ, ಈ ನಂಬಿಕೆಗೆ ಏನೆಂದು ಹೆಸರಿಡಬೇಕು? ಮೂಢನಂಬಿಕೆ ಎನ್ನಬೇಕೆ? ಅರಳದ ಭಕ್ತಿಯ ಮೊಗ್ಗು ಎನ್ನಬೇಕೆ? ಅಥವಾ ಹೆಸರಿಡುವ ಹಕ್ಕೇ ಹೊರಗಿನವನಿಗಿಲ್ಲವೆಂದು ಸುಮ್ಮನಿರಬೇಕೆ? ಇಪ್ಪತ್ತನೆಯ ಶತಮಾನದ ಪ್ರಾಟೆಸ್ಟೆಂಟ್ ದೈವಶಾಸ್ತ್ರದಲ್ಲಿ ಎದ್ದ ದೊಡ್ಡ ಬಿರುಗಾಳಿಯೊಂದು ಕೊನೆಗೆ ಬಂದು ನಿಂತದ್ದು ಇದೇ ಬಗೆಯ ಪ್ರಶ್ನೆಯ ಎದುರಿಗೆ. ಆ ಬಿರುಗಾಳಿ ಎದ್ದದ್ದು ಸ್ವಿಟ್ಜರ್ಲೆಂಡಿನಲ್ಲಿ. ಅದಕ್ಕೆ ಬಾಗಿಲು ತೆರೆದು, ಮತ್ತೆ ಅದರೊಡನೆ ವಾದಕ್ಕೆ ನಿಂತವರಲ್ಲಿ ಮುಖ್ಯರಾದ ಒಬ್ಬರು ಕಾರ್ಕಳದಲ್ಲಿ ಹುಟ್ಟಿದ ಕನ್ನಡಿಗರು. ಕನ್ನಡದಲ್ಲಿ ಅವರ ಹೆಸರನ್ನು ಕೇಳಿದವರು ಕಡಿಮೆ ಎಂಬುದೇ ಈ ಲೇಖನಕ್ಕೆ ಕಾರಣ.

ಮೊದಲು ಶಿರೂರಿನ ಮಾತನ್ನೇ ಮುಗಿಸೋಣ. ಅಮೇರಿಕನ್ ಮರಾಠಿ ಮಿಶನ್ನಿನವರು 1813ರಲ್ಲಿ ಮುಂಬಯಿಗೂ 1831ರಲ್ಲಿ ಅಹಮದನಗರಕ್ಕೂ 1841ರಲ್ಲಿ ಶಿರೂರಿಗೂ ಬಂದು ನೆಲೆಸಿದರು. ಶಾಲೆ ನಡೆಸಿದರು, ಮುಂದೆ ಹುಡುಗರಿಗೆ ಕೈಕಸುಬು ಕಲಿಸುವ ಶಾಲೆಯನ್ನೂ ತೆರೆದರು. ಮೊದಮೊದಲು ಬಂದ ಪಾದ್ರಿಗಳಿಗೆ ವಾಲೇಸನ ಸಮಾಧಿಯಂಥದ್ದು ಬರಿಯ ಕತ್ತಲೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅದೇ ಮಿಶನ್ನಿನ ಅಹಮದನಗರದ ಕೇಂದ್ರದಲ್ಲಿ ಸ್ವಲ್ಪ ಕಾಲದಲ್ಲೇ ಬೇರೊಂದು ದನಿ ಕೇಳಿಸಿತು. ಅದು ನಾರಾಯಣ ವಾಮನ ಟಿಳಕರದು. ಚಿತ್ಪಾವನ ಬ್ರಾಹ್ಮಣರಾಗಿ ಹುಟ್ಟಿ 1895ರಲ್ಲಿ ದೀಕ್ಷಾಸ್ನಾನ ಪಡೆದ ಈ ಮರಾಠಿ ಕವಿ, ತಾವು ತುಕಾರಾಮರೆಂಬ ಸೇತುವೆಯನ್ನು ದಾಟಿಯೇ ಕ್ರಿಸ್ತನ ಬಳಿಗೆ ಬಂದುದಾಗಿ ಹೇಳುತ್ತಿದ್ದರು. ಅಭಂಗದ ಮಟ್ಟಿನಲ್ಲಿ ಕ್ರೈಸ್ತ ಭಜನೆಗಳನ್ನು ಕಟ್ಟಿದರು. ಪಂಢರಪುರದ ಹಾದಿ ಅವರಿಗೆ ಕತ್ತಲೆಯ ಹಾದಿಯಾಗಿರಲಿಲ್ಲ.

ಅಂದಿನ ಯುರೋಪಿನ ಉದಾರ ದೈವಶಾಸ್ತ್ರವೂ ಹೆಚ್ಚುಕಡಿಮೆ ಇದೇ ಮಾತನ್ನಾಡುತ್ತಿತ್ತು. ಮನುಷ್ಯಕುಲ ಮೆಟ್ಟಿಲು ಮೆಟ್ಟಿಲಾಗಿ ದೇವರ ಕಡೆಗೆ ಏರುತ್ತಿದೆ, ಎಲ್ಲ ಧರ್ಮಗಳೂ ಆ ಮೆಟ್ಟಿಲುಗಳೇ, ತುತ್ತತುದಿಯಲ್ಲಿ ಕ್ರೈಸ್ತಧರ್ಮವಿದೆ, ಅದನ್ನು ಹೊತ್ತ ಯುರೋಪಿನ ನಾಗರಿಕತೆಯಿದೆ. ವೈ.ಎಂ.ಸಿ.ಎ.ಯ ಜೆ. ಎನ್. ಫರ್ಕ್ವಾರ್ 1913ರಲ್ಲಿ ಬರೆದ ಗ್ರಂಥ ಕ್ರಿಸ್ತನನ್ನು ಹಿಂದೂಧರ್ಮದ ಕಿರೀಟವೆಂದು ಬಣ್ಣಿಸಿತು. ಮಾತು ಸೌಜನ್ಯದ್ದೇ. ಆದರೆ ಕಿರೀಟ ಯಾರ ಕೈಯಲ್ಲಿದೆ, ಬಾಗುವ ತಲೆ ಯಾರದು ಎಂಬುದನ್ನು ಗಮನಿಸಿದರೆ ಆ ಸೌಜನ್ಯದ ಒಳಗಿನ ಠೀವಿ ಕಾಣದಿರದು.

ಮರುವರ್ಷ ಯುದ್ಧ ಬಂತು.

1914ರ ಯುದ್ಧ ನಮ್ಮ ಕನ್ನಡನಾಡಿನ ಮಿಶನ್ ಚರಿತ್ರೆಯನ್ನು ನೇರವಾಗಿ ತಟ್ಟಿತು. 1834ರಿಂದ ಮಂಗಳೂರು, ಧಾರವಾಡಗಳ ಕಡೆ ಕೆಲಸ ಮಾಡಿ, ಕನ್ನಡಕ್ಕೆ ಮೊದಲ ವೃತ್ತಪತ್ರಿಕೆಯನ್ನೂ ಕಿಟ್ಟೆಲ್ ನಿಘಂಟನ್ನೂ ಕೊಟ್ಟ ಬಾಸೆಲ್ ಮಿಶನ್ನಿನಲ್ಲಿ ಜರ್ಮನರು ಬಹಳ ಮಂದಿಯಿದ್ದರು. ಬ್ರಿಟಿಷ್ ಸರಕಾರಕ್ಕೆ ಅವರು ಒಮ್ಮೆಲೇ ಶತ್ರುಗಳಾದರು. ಅವರಲ್ಲಿ ಅನೇಕರನ್ನು ತಂದು ಕೂಡಿಹಾಕಿದ್ದು ಅಹಮದನಗರದ ಸೆರೆಶಿಬಿರದಲ್ಲಿ, ಅಂದರೆ ಶಿರೂರಿನಿಂದ ನದಿ ದಾಟಿ ಮುಂದೆ ಹೋದರೆ ಸಿಗುವ, ಈಗ ಅಹಲ್ಯಾನಗರವೆಂದು ಹೆಸರು ಬದಲಾದ ಊರಿನಲ್ಲಿ. ಕನ್ನಡದಲ್ಲಿ ಪ್ರಸಂಗ ಮಾಡುತ್ತಿದ್ದ ಪಾದ್ರಿಗಳು ಮರಾಠಿ ಸೀಮೆಯಲ್ಲಿ ಮುಳ್ಳುತಂತಿಯ ಹಿಂದೆ ಕುಳಿತರು. ಮಂಗಳೂರಿನ ಹೆಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿಹೋದವು. ಕಾವಲಿಗೆ ನಿಂತವರೂ ಕ್ರೈಸ್ತರು, ಒಳಗಿದ್ದವರೂ ಕ್ರೈಸ್ತರು. ಕ್ರೈಸ್ತ ನಾಗರಿಕತೆಯ ಮೆಟ್ಟಿಲುಗಳು ಎಲ್ಲಿಗೆ ಏರುತ್ತಿದ್ದವೆಂಬುದು ಮರಾಠಿ, ಕನ್ನಡ ಸಭೆಗಳ ಬಡ ವಿಶ್ವಾಸಿಗಳಿಗೂ ಕಾಣುವಂತಾಯಿತು.

ಇದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಸಾಫೆನ್‌ವಿಲ್ ಎಂಬ ಹಳ್ಳಿಯಲ್ಲಿ ಇಪ್ಪತ್ತೆಂಟರ ಹರೆಯದ ಒಬ್ಬ ಸಭಾಪಾಲಕನಿದ್ದ. ಹೆಸರು ಕಾರ್ಲ್ ಬಾರ್ತ್. ಹುಟ್ಟಿದ್ದು 1886ರಲ್ಲಿ, ಬಾಸೆಲ್ ಮಿಶನ್ನಿನ ತವರಾದ ಅದೇ ಬಾಸೆಲ್ ನಗರದಲ್ಲಿ. ಸಾಫೆನ್‌ವಿಲ್ ನೂಲು-ಬಟ್ಟೆಯ ಗಿರಣಿಗಳ ಹಳ್ಳಿ. ಕಾರ್ಮಿಕರ ಸಂಘ ಕಟ್ಟಲು ನೆರವಾಗಿ, ಗಿರಣಿಯ ಮಾಲೀಕರಿಂದ ‘ಕೆಂಪು ಪಾದ್ರಿ’ ಎನಿಸಿಕೊಂಡಿದ್ದ ಬಾರ್ತರಿಗೆ 1914ರ ಅಕ್ಟೋಬರದಲ್ಲಿ ಆಘಾತವೊಂದು ಕಾದಿತ್ತು. ಕೈಸರನ ಯುದ್ಧವನ್ನು ಸಮರ್ಥಿಸಿ ಜರ್ಮನಿಯ 93 ಮಂದಿ ವಿದ್ವಾಂಸರು ಹೊರಡಿಸಿದ ಹೇಳಿಕೆಯಲ್ಲಿ ಅವರ ಪೂಜ್ಯ ಗುರುಗಳಾದ ಹಾರ್ನಾಕ್ ಮತ್ತು ಹೆರ್ಮನ್ನರ ಸಹಿಗಳಿದ್ದವು. ಯುದ್ಧದ ತುತ್ತೂರಿಯನ್ನು ದೇವರ ದನಿಯೆಂದು ಕೇಳಿಸಿಕೊಳ್ಳಲು ಈ ಗುರುಗಳಿಗೆ ಸಾಧ್ಯವಾದರೆ ಅವರ ಶಾಸ್ತ್ರದಲ್ಲಿಯೇ ಎಲ್ಲೋ ಹುಳುಕಿರಬೇಕು. ಬಾರ್ತ್ ಕೈಗೆತ್ತಿಕೊಂಡದ್ದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು. ಅದಕ್ಕೆ ಬರೆದ ಭಾಷ್ಯ 1919ರಲ್ಲಿ ಹೊರಬಂತು; ಪೂರ್ತಿ ತಿದ್ದಿ ಬರೆದ ಎರಡನೆಯ ಆವೃತ್ತಿ 1922ರಲ್ಲಿ. ಕತ್ತಲೆಯಲ್ಲಿ ಗೋಪುರದ ಮೆಟ್ಟಿಲೇರುವವನು ಆಸರೆಗೆಂದು ಕೈಚಾಚಿ ಹಗ್ಗವೊಂದನ್ನು ಹಿಡಿದ, ಅದು ಗಂಟೆಯ ಹಗ್ಗವಾಗಿತ್ತು, ಊರೆಲ್ಲ ಎಚ್ಚೆತ್ತಿತು. ತಮ್ಮ ಗ್ರಂಥದ ಪರಿಣಾಮವನ್ನು ಬಾರ್ತರೇ ಮುಂದೆ ವಿವರಿಸಿದ್ದು ಸುಮಾರಾಗಿ ಹೀಗೆ.

ಆ ಎರಡನೆಯ ಆವೃತ್ತಿಯ ಬೆನ್ನೆಲುಬು ಡೆನ್ಮಾರ್ಕಿನ ಕಿರ್ಕೆಗಾರ್ಡ್. ಈ ಹೆಸರು ಬಂದಾಗ ಒಂದು ಮಾತು ಹೇಳಬೇಕು. ನವ್ಯದ ದಿನಗಳಲ್ಲಿ ನಾವು ಕನ್ನಡಿಗರು ಅಸ್ತಿತ್ವವಾದವೆಂದರೆ ಸಾರ್ತ್ರ್ ಮತ್ತು ಕಾಮು ಎಂದೇ ತಿಳಿದೆವು. ದೇವರಿಲ್ಲದ ಜಗತ್ತಿನಲ್ಲಿ ಒಂಟಿಯಾಗಿ ಆಯ್ಕೆ ಮಾಡಬೇಕಾದ ಮನುಷ್ಯ ನಮ್ಮ ಕಥೆ-ಕಾದಂಬರಿಗಳಿಗೆ ಬಂದ. ಆದರೆ ಆ ಮರದ ಬೇರು 1813ರಿಂದ 1855ರವರೆಗೆ ಬಾಳಿದ ಕಿರ್ಕೆಗಾರ್ಡ್ ಎಂಬ ದೈವಭಕ್ತ. ಸತ್ಯವನ್ನು ಗ್ಯಾಲರಿಯಲ್ಲಿ ಕುಳಿತು ನೋಡಲಾಗದು, ದೇವರೆದುರು ಪ್ರತಿಯೊಬ್ಬನೂ ಒಬ್ಬಂಟಿಯಾಗಿ ನಿಂತು ತೀರ್ಮಾನಿಸಬೇಕು, ದೇವರಿಗೂ ಮನುಷ್ಯನಿಗೂ ನಡುವೆ ಅಳತೆಗೆ ಸಿಗದ ಅಂತರವಿದೆ ಎಂದವನು ಅವನು. ಆ ಬೇರಿನಿಂದ ಆಸ್ತಿಕ ಕೊಂಬೆಯೂ ಒಂದು ಒಡೆದಿತ್ತು. ನಮ್ಮ ಸಾಹಿತ್ಯ ಪತ್ರಿಕೆಗಳಲ್ಲಿ ಸಾರ್ತ್ರ್ ಚರ್ಚೆಯಾಗುತ್ತಿದ್ದ ಕಾಲಕ್ಕೆ ಮಂಗಳೂರಿನ ಬಲ್ಮಠದಲ್ಲೂ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೂ ಆ ಇನ್ನೊಂದು ಕೊಂಬೆ ಚೆನ್ನಾಗಿ ಪರಿಚಿತವಾಗಿತ್ತು. ಒಂದೇ ಊರಿನ ಎರಡು ಬೀದಿಗಳ ನಡುವೆ ಮಾತುಕತೆಯಿರಲಿಲ್ಲವಷ್ಟೆ.

ಬಾರ್ತ್ ಹೇಳಿದ್ದರ ತಿರುಳನ್ನು ಸರಳವಾಗಿ ಹೇಳುವುದಾದರೆ: ಮನುಷ್ಯನಿಂದ ದೇವರಿಗೆ ಮೆಟ್ಟಿಲುಗಳಿಲ್ಲ. ನಮ್ಮ ತತ್ತ್ವಜ್ಞಾನ, ನೀತಿ, ನಾಗರಿಕತೆ, ಪೂಜೆ ಯಾವುದೂ ಅಲ್ಲಿಗೆ ಮುಟ್ಟದು. ದೇವರೇ ಮಾತನಾಡಬೇಕು, ಆ ಮಾತು ಮೇಲಿನಿಂದ ನೇರವಾಗಿ, ಸಿಡಿಲಿನಂತೆ ಬಂದು ನಮ್ಮನ್ನು ಬಿಕ್ಕಟ್ಟಿನಲ್ಲಿ ನಿಲ್ಲಿಸುತ್ತದೆ. ಬಿಕ್ಕಟ್ಟಿನ ದೈವಶಾಸ್ತ್ರ, ದ್ವಂದ್ವಾತ್ಮಕ ದೈವಶಾಸ್ತ್ರ, ನವ ಸಂಪ್ರದಾಯವಾದ ಎಂಬೆಲ್ಲ ಹೆಸರುಗಳು ಈ ಚಳವಳಿಗೆ ಬಿದ್ದವು. ಬ್ರೂನರ್, ಗೋಗಾರ್ಟನ್, ಬುಲ್ಟ್‌ಮನ್ ಜೊತೆಗೂಡಿದರು. ಮಾರ್ಬುರ್ಗಿನಲ್ಲಿ ಹೈಡೆಗರನ ಸಹೋದ್ಯೋಗಿಯಾಗಿದ್ದ ಬುಲ್ಟ್‌ಮನ್ನರು ಅಸ್ತಿತ್ವವಾದವನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡರು. ಬಾರ್ತರಾದರೋ 1930ರ ದಶಕದಲ್ಲಿ ತಮ್ಮ ಮಹಾಗ್ರಂಥವನ್ನು ಆರಂಭಿಸುವಾಗ ಅಸ್ತಿತ್ವವಾದದ ಊರುಗೋಲನ್ನೂ ಎಸೆದುಬಿಟ್ಟರು. ಗೆಳೆಯರು ಚದುರಿದರು. ಪ್ರಕೃತಿಯಲ್ಲೂ ದೇವರ ಸುಳಿವು ಸ್ವಲ್ಪ ಸಿಗುತ್ತದೆಂದ ಬ್ರೂನರರಿಗೆ 1934ರಲ್ಲಿ ಬಾರ್ತ್ ಕೊಟ್ಟ ಉತ್ತರದ ಶೀರ್ಷಿಕೆಯೇ ‘ಇಲ್ಲ!’ ಎಂದಿತ್ತು.

ಈ ‘ಇಲ್ಲ’ವನ್ನು ಹಟಮಾರಿತನವೆಂದು ನಗಬಾರದು. ಅದೇ 1934ರ ಮೇ ತಿಂಗಳಲ್ಲಿ ಬಾರ್ಮೆನ್ ಎಂಬಲ್ಲಿ ಕೂಡಿದ ಜರ್ಮನ್ ಸಭೆಗಳವರು ಹಿಟ್ಲರನ ಹಿಂಬಾಲಕ ಕ್ರೈಸ್ತರಿಗೆ ಎದುರಾಗಿ ಹೊರಡಿಸಿದ ಘೋಷಣೆಯ ಕರಡನ್ನು ಮುಖ್ಯವಾಗಿ ಬರೆದವರು ಬಾರ್ತ್. ಜರ್ಮನ್ ರಕ್ತದಲ್ಲೂ ನೆಲದಲ್ಲೂ ನಾಯಕನಲ್ಲೂ ದೇವರ ವಾಣಿಯಿದೆ ಎಂದು ಆ ಹಿಂಬಾಲಕರು ಸಾರುತ್ತಿದ್ದಾಗ, ದೇವರ ವಾಣಿಗೆ ಬೇರೆ ಮೂಲವಿಲ್ಲ ಎನ್ನುವುದು ತತ್ತ್ವದ ಗೊಡ್ಡು ಹರಟೆಯಾಗಿರಲಿಲ್ಲ. ಹಿಟ್ಲರನಿಗೆ ಷರತ್ತಿಲ್ಲದ ಪ್ರಮಾಣ ಮಾಡಲೊಪ್ಪದ ಬಾರ್ತ್ ಬಾನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು 1935ರಲ್ಲಿ ಬಾಸೆಲ್ಲಿಗೆ ಮರಳಿದರು. ಆ ಕಾಲದಲ್ಲಿ ಉದಾರಿಗಳೆನಿಸಿಕೊಂಡವರಲ್ಲಿ ಬಹುಮಂದಿ ಬಾಯಿ ಮುಚ್ಚಿಕೊಂಡಿದ್ದರೆಂಬುದನ್ನು ಮರೆಯಲಾಗದು.

ಕಷ್ಟ ಬಂದದ್ದು ಈ ‘ಇಲ್ಲ’ ಏಷ್ಯಾಕ್ಕೆ ಬಂದಾಗ. 1938ರಲ್ಲಿ ಹೊರಬಂದ ತಮ್ಮ ಮಹಾಗ್ರಂಥದ ಒಂದು ಭಾಗದಲ್ಲಿ ಬಾರ್ತ್ ಧರ್ಮವೆಂಬುದೇ ಅವಿಶ್ವಾಸ ಎಂಬ ನಿಲುವನ್ನು ಮಂಡಿಸಿದರು: ಮನುಷ್ಯ ತನ್ನ ಬಲದಿಂದ ದೇವರನ್ನು ಹಿಡಿಯಹೊರಡುವ ಸಾಹಸವೇ ಧರ್ಮ. ನ್ಯಾಯಕ್ಕೆ ಹೇಳಬೇಕೆಂದರೆ, ಕಟಕಟೆಯಲ್ಲಿ ಅವರು ಮೊದಲು ನಿಲ್ಲಿಸಿದ್ದು ಕ್ರೈಸ್ತಧರ್ಮವನ್ನೇ. ಕೃಪೆಯೊಂದೇ ಸಾಕೆನ್ನುವ ಜಪಾನಿನ ಬೌದ್ಧಪಂಥವನ್ನು ಅಚ್ಚರಿಯಿಂದ ನೋಡಿದರು, ಭಾರತದ ಭಕ್ತಿಯನ್ನೂ ಸ್ಮರಿಸಿದರು. ಆದರೆ ಕೊನೆಗೆ ವ್ಯತ್ಯಾಸವಿರುವುದು ಯೇಸುವಿನ ಹೆಸರೊಂದರಲ್ಲೇ ಎಂದು ಲೆಕ್ಕ ಮುಗಿಸಿದರು. ಕೂಡಲಸಂಗಮನ ಕೃಪೆಯೊಂದನ್ನೇ ನೆಚ್ಚಿದ ಬಸವಣ್ಣನವರನ್ನೂ ಪುರಂದರದಾಸರನ್ನೂ ಓದಿ ಬೆಳೆದವರಿಗೆ ಈ ಲೆಕ್ಕ ತೀರ ಅವಸರದ್ದೆನಿಸದೆ ಇರದು.

ಅದೇ ವರ್ಷದ ಡಿಸೆಂಬರಿನಲ್ಲಿ ಮದರಾಸಿನ ಬಳಿಯ ತಾಂಬರಮ್ಮಿನಲ್ಲಿ ಜಗತ್ತಿನ ಪ್ರಾಟೆಸ್ಟೆಂಟ್ ಮಿಶನ್ನುಗಳ ಮಹಾಸಮ್ಮೇಳನ ನಡೆಯಿತು. ಅದಕ್ಕೆಂದೇ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ಒಂದು ದಪ್ಪ ಗ್ರಂಥ ಬರೆದಿದ್ದರು. ಇಂಡೋನೇಷ್ಯಾದಲ್ಲಿ ವರ್ಷಗಟ್ಟಲೆ ಇದ್ದು ಇಸ್ಲಾಮನ್ನು ಬಲ್ಲವರಾಗಿದ್ದರೂ, ಬಾರ್ತರ ಜಾಡಿನಲ್ಲಿ ಅವರು ಸುವಾರ್ತೆಗೂ ಇತರ ಧರ್ಮಗಳಿಗೂ ನಡುವೆ ಸೇತುವೆಯಿಲ್ಲ ಎಂದರು. ಟಿಳಕರು ದಾಟಿ ಬಂದ ಸೇತುವೆ ಅವರ ನಕಾಶೆಯಲ್ಲಿರಲಿಲ್ಲ. ಮದರಾಸಿನ ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದವರು ಅದೇ ವರ್ಷ ತಮ್ಮದೇ ಪುಸ್ತಕ ಹೊರತಂದು ಪ್ರತಿಭಟಿಸಿದರು. ಹಿಂದೂ ಮನೆಯಲ್ಲಿ ಹುಟ್ಟಿ ಕ್ರೈಸ್ತರಾದವರಿಗೆ ತಮ್ಮ ತಂದೆ-ತಾಯಿಯರ ಧರ್ಮವನ್ನು ಅವಿಶ್ವಾಸವೆಂದು ಕರೆಯುವುದು ಪುಸ್ತಕದ ಮಾತಾಗಿರಲಿಲ್ಲ.

ಇದಕ್ಕೂ ಮೂರು ವರ್ಷ ಹಿಂದಿನ ಒಂದು ಪ್ರಸಂಗವನ್ನು ಸಿಂಹಳದ ಡಿ. ಟಿ. ನೈಲ್ಸ್ ಮುಂದೆ ಹೇಳಿಕೊಂಡಿದ್ದಾರೆ. 1935ರಲ್ಲಿ ಬಾರ್ತರನ್ನು ಕಂಡಾಗ ಅವರು ಇತರ ಧರ್ಮಗಳೆಲ್ಲ ಅವಿಶ್ವಾಸವೆಂದರಂತೆ. ತಾವು ಎಷ್ಟು ಮಂದಿ ಹಿಂದೂಗಳನ್ನು ಕಂಡಿದ್ದೀರಿ ಎಂದು ನೈಲ್ಸ್ ಕೇಳಿದರು. ಒಬ್ಬರನ್ನೂ ಕಂಡಿಲ್ಲವೆಂದು ಉತ್ತರ ಬಂತು. ಮತ್ತೆ ಹಿಂದೂಧರ್ಮ ಅವಿಶ್ವಾಸವೆಂದು ತಿಳಿದದ್ದು ಹೇಗೆ? ಅದು ಅನುಭವಕ್ಕೆ ಮೊದಲೇ ತಿಳಿದಿರುವ ಸಂಗತಿ ಎಂದರು ಬಾರ್ತ್. ನೈಲ್ಸ್ ತಲೆಯಾಡಿಸಿ ನಕ್ಕರಂತೆ. ಹಿಟ್ಲರನ ಮುಖವನ್ನು ಚೆನ್ನಾಗಿ ಕಂಡು ‘ಇಲ್ಲ’ ಎಂದ ಮನುಷ್ಯ, ಮುಖವನ್ನೇ ಕಾಣದವರಿಗೂ ಅದೇ ‘ಇಲ್ಲ’ ಹೇಳಿದ್ದು ಈ ಚಳವಳಿಯ ದೊಡ್ಡ ದೋಷವೆಂದು ನಾವು ತಿಳಿಯುತ್ತೇವೆ.

ಈಗ ಕಾರ್ಕಳಕ್ಕೆ ಬರೋಣ. ಕಾರ್ಕಳದ ಸೀಮೆಗೂ ಪುಣೆಯ ಸೀಮೆಗೂ ಈ ವಿಷಯದಲ್ಲಿ ಹಳೆಯ ನಂಟೊಂದುಂಟು. ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ರಮಾಬಾಯಿ 1858ರಲ್ಲಿ ಹುಟ್ಟಿದ್ದು ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರು ‘ಮುಕ್ತಿ’ ಎಂಬ ಆಶ್ರಯಧಾಮ ಕಟ್ಟಿದ ಕೇಡಗಾಂವ್ ಇರುವುದು ಶಿರೂರಿಗೆ ತಾಗಿದ ದೌಂಡ್ ತಾಲೂಕಿನಲ್ಲಿ. ಕ್ರೈಸ್ತರಾದ ಮೇಲೂ ಇಂಗ್ಲಿಷ್ ಧರ್ಮಗುರುಗಳ ಅಪ್ಪಣೆಗೆ ಕಣ್ಣುಮುಚ್ಚಿ ತಲೆಬಾಗದ ಹೆಂಗಸು ಆಕೆ. ಅದು ಬೇರೆಯೇ ಒಂದು ಲೇಖನಕ್ಕೆ ವಸ್ತು.

ಸ್ಟ್ಯಾನ್ಲಿ ಜೆದಿಡಾಯ ಸಮರ್ಥರು ಹುಟ್ಟಿದ್ದು 1920ರ ಅಕ್ಟೋಬರ್ 7ರಂದು, ಕಾರ್ಕಳದಲ್ಲಿ. ಮಹಾರಾಷ್ಟ್ರದಲ್ಲಿರುವ ನಮಗೆ ಸಮರ್ಥರೆಂದರೆ ರಾಮದಾಸರು; ಇವರದು ಬಾಸೆಲ್ ಮಿಶನ್ ಸಭೆಯ ಮನೆತನ, ತಂದೆ ಸಭಾಪಾಲಕರು. ಬೆಟ್ಟದ ಮೇಲೆ 1432ರಲ್ಲಿ ನಿಂತ ಗೊಮ್ಮಟ, ಕೆಳಗೆ ದೇವಸ್ಥಾನ, ಬಸದಿ, ದೈವದ ಗುಡಿ, ಸ್ವಲ್ಪ ದೂರದಲ್ಲಿ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ. ಇಂಥ ಊರಿನ ಪಾದ್ರಿಯ ಮಗನಿಗೆ ‘ಇತರ ಧರ್ಮಗಳು’ ಎಂಬುದು ಗ್ರಂಥದ ಅಧ್ಯಾಯವಾಗಿರಲು ಸಾಧ್ಯವಿರಲಿಲ್ಲ. ಅವರು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಪಿ. ಡಿ. ದೇವನಂದನ್ ಅವರ ಕೈಕೆಳಗೆ ಕಲಿತರು. ದೇವನಂದನ್ ಸ್ವತಃ ಕ್ರೇಮರರ ಪ್ರಭಾವದಲ್ಲಿ ಬಂದು ಮುಂದೆ ಅದನ್ನು ದಾಟಿದವರು. ಅಲ್ಲಿಂದ ಸಮರ್ಥರು ನ್ಯೂಯಾರ್ಕಿನ ಯೂನಿಯನ್ ಸೆಮಿನರಿಗೆ ಹೋದರು. ಅಲ್ಲಿದ್ದವರು ಪಾಲ್ ಟಿಲಿಕ್.

ಟಿಲಿಕರೂ ಬಾರ್ತರೂ ಒಂದೇ ವರ್ಷ ಹುಟ್ಟಿದವರು. ಟಿಲಿಕ್ 1914ರ ಯುದ್ಧದಲ್ಲಿ ಸೇನೆಯ ಪಾದ್ರಿಯಾಗಿ ಕಂದಕಗಳಲ್ಲಿ ಹೆಣಗಳನ್ನು ಮಣ್ಣುಮಾಡಿದವರು, 1933ರಲ್ಲಿ ನಾಜಿಗಳಿಂದ ಹುದ್ದೆ ಕಳೆದುಕೊಂಡು ಅಮೇರಿಕ ಸೇರಿದವರು. ಉದಾರವಾದದ ಕುಸಿತವನ್ನು ಅವರೂ ಕಂಡಿದ್ದರು. ಆದರೆ ಅವರು ತಳೆದ ನಿಲುವು ಬೇರೆ. ಪ್ರತಿ ಮನುಷ್ಯನಿಗೂ ತನ್ನ ಇರವಿನ ಬಗೆಗೆ ಒಂದು ಕಟ್ಟಕಡೆಯ ಕಳವಳವಿದೆ. ಸಾವಿನ, ಪಾಪದ, ಅರ್ಥಶೂನ್ಯತೆಯ ಭಯವಿದೆ. ಆ ಪ್ರಶ್ನೆಯನ್ನು ಅಸ್ತಿತ್ವವಾದ ಕೇಳುತ್ತದೆ, ಅದಕ್ಕೆ ಉತ್ತರ ಹುಡುಕುವುದು ದೈವಶಾಸ್ತ್ರದ ಕೆಲಸ. ಬಾರ್ತರದು ಮೇಲಿಂದ ಬೀಳುವ ಕಲ್ಲಾದರೆ ಟಿಲಿಕರದು ಎರಡು ದಡಗಳ ಸಂವಾದ. ಪ್ರಶ್ನೆ ಎಲ್ಲ ಮನುಷ್ಯರದೂ ಆದರೆ ಹಿಂದೂವಿನ ಪ್ರಶ್ನೆಯನ್ನೂ ಕೇಳಲೇಬೇಕಲ್ಲ! ಸಮರ್ಥರು ತಮ್ಮ ಸಂಶೋಧನೆಗೆ ಎತ್ತಿಕೊಂಡ ವಿಷಯ ಆಧುನಿಕ ಹಿಂದೂ ಚಿಂತಕರ ಇತಿಹಾಸದೃಷ್ಟಿ, ಅದರಲ್ಲೂ ರಾಧಾಕೃಷ್ಣನ್ನರದು. ಆ ಮೇಲೆ ಬಾಸೆಲ್ಲಿಗೂ ಹೋಗಿ ಬಾರ್ತರ ಉಪನ್ಯಾಸಗಳನ್ನು ಕೇಳಿದರು.

ಈ ಭೇಟಿಯ ಮಹತ್ವವನ್ನು ಗಮನಿಸಬೇಕು. ನೂರಕ್ಕೂ ಹೆಚ್ಚು ವರ್ಷ ಬಾಸೆಲ್ಲಿನಿಂದ ಮಂಗಳೂರಿಗೆ ಗುರುಗಳು ಬಂದಿದ್ದರು. ಈಗ ಮಂಗಳೂರಿನ ಕಡೆಯವನೊಬ್ಬ ಬಾಸೆಲ್ಲಿನ ಅತಿ ದೊಡ್ಡ ಗುರುವಿನ ಮುಂದೆ ಕುಳಿತು, ಗೌರವದಿಂದ ಕೇಳಿ, ಒಪ್ಪದೆ ಎದ್ದು ಬಂದ. ಹಿಂದಿರುಗಿ 1950ರ ದಶಕದಲ್ಲಿ ಬಲ್ಮಠದ ಬಾಸೆಲ್ ಮಿಶನ್ ಸೆಮಿನರಿಯ ಪ್ರಾಂಶುಪಾಲನಾದ. ಕನ್ನಡ ಸಭೆಗಳ ಪಾಲಕರನ್ನು ತಯಾರು ಮಾಡುವ ಈ ಸಂಸ್ಥೆಯೇ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಎಂಬ ರೂಪ ತಾಳಿತು. ಮುಂದೆ ಸಮರ್ಥರು ಬೆಂಗಳೂರಿನಲ್ಲಿ ಕಲಿಸಿದರು, ಸಿರಾಂಪುರ ಕಾಲೇಜಿನ ಪ್ರಾಂಶುಪಾಲರಾದರು, 1968ರಲ್ಲಿ ಜಿನೀವಾದ ಚರ್ಚುಗಳ ವಿಶ್ವ ಮಂಡಳಿಗೆ ಹೋದರು. ಬಾರ್ತ್ ತೀರಿಕೊಂಡದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ.

1970ರ ಮಾರ್ಚಿಯಲ್ಲಿ ಲೆಬನಾನಿನ ಅಜಲ್ತೂನಿನಲ್ಲಿ ಹಿಂದೂಗಳು, ಬೌದ್ಧರು, ಮುಸ್ಲಿಮರು, ಕ್ರೈಸ್ತರು ಒಟ್ಟಿಗೆ ಕುಳಿತ ಸಭೆಯನ್ನು ಸೇರಿಸಿದವರು ಸಮರ್ಥರು. ವಿಶ್ವ ಮಂಡಳಿಯ ಆಶ್ರಯದಲ್ಲಿ ಇಂಥದ್ದು ಅದೇ ಮೊದಲು. 1971ರಲ್ಲಿ ಮಂಡಳಿ ಅನ್ಯಧರ್ಮೀಯರೊಡನೆ ಸಂವಾದಕ್ಕೆಂದೇ ವಿಭಾಗವೊಂದನ್ನು ತೆರೆದಾಗ ಅದರ ಮೊದಲ ನಿರ್ದೇಶಕರಾದರು. ಬಾರ್ತ್ ಹಿಂದೂವೊಬ್ಬನನ್ನೂ ಕಾಣದೆ ಬರೆದಿದ್ದರೆ, ಇವರು ಕಾಣುವುದನ್ನೇ ಕೆಲಸವಾಗಿಸಿಕೊಂಡರು.

ಹಾದಿ ಸುಗಮವಾಗಿರಲಿಲ್ಲ. 1975ರಲ್ಲಿ ನೈರೋಬಿಯ ಮಹಾಸಭೆಯಲ್ಲಿ ಈ ಸಂವಾದದ ವರದಿಯ ಮೇಲೆ ಯುರೋಪಿನ ಪ್ರತಿನಿಧಿಗಳು ಹರಿಹಾಯ್ದರು. ಧರ್ಮಗಳನ್ನು ಕಲಸಿ ಕಿಚಡಿ ಮಾಡಲಾಗುತ್ತಿದೆ, ಸುವಾರ್ತೆಯ ಕಾವು ಆರುತ್ತಿದೆ ಎಂಬ ಆಕ್ಷೇಪದಲ್ಲಿ ಕ್ರೇಮರರ ಹಳೆಯ ದನಿ ಕೇಳಿಸುತ್ತಿತ್ತು. ಬೆಂಗಳೂರಿನ ರಸೆಲ್ ಚಂದ್ರನ್, ಶ್ರೀಲಂಕೆಯ ಲಿನ್ ಡಿ ಸಿಲ್ವ ಮೊದಲಾದ ಏಷ್ಯನ್ನರು ಎದ್ದುನಿಂತು ಉತ್ತರಿಸಿದರು. ಅನ್ಯಧರ್ಮೀಯರ ನಡುವೆ ದಿನದಿನವೂ ಬದುಕುವವರು ಹೆದರದಿರುವಾಗ ದೂರದಲ್ಲಿರುವವರು ಇಷ್ಟೇಕೆ ಹೆದರಿದರೋ! ಮನೆಯ ಗೋಡೆಗೆ ಗೋಡೆ ತಾಗಿಸಿ ಬಾಳುವವನಿಗೆ ಸಂವಾದವೆಂಬುದು ಸಿದ್ಧಾಂತವಲ್ಲ. ಬೆಳಗಾದರೆ ಬಾಗಿಲಲ್ಲಿ ಆಡುವ ಮಾತು.

ಅದಕ್ಕೆ ಹಿಂದಿನ ವರ್ಷ, 1974ರಲ್ಲಿ, ಪ್ರಕಟವಾಗಿದ್ದ ಅವರ ಗ್ರಂಥ ಕ್ರಿಸ್ತನಿಗೆ ಹಿಂದೂಗಳ ಪ್ರತಿಸ್ಪಂದನವನ್ನು ಪರಿಶೀಲಿಸುತ್ತದೆ. ರಾಮಕೃಷ್ಣರು, ಗಾಂಧೀಜಿ, ರಾಧಾಕೃಷ್ಣನ್ ಅಲ್ಲಿ ಬರುತ್ತಾರೆ. ಚರ್ಚಿಗೆ ಕ್ರಿಸ್ತನನ್ನು ಕಟ್ಟಿಹಾಕುವ ಹಕ್ಕಿಲ್ಲ, ಅವನು ಕಟ್ಟುಗಳನ್ನು ಮೀರಿದವನು ಎಂಬುದು ಅದರ ವಾದ. ಅದ್ವೈತದ ಪರಿಭಾಷೆಯಲ್ಲಿ ಕ್ರಿಸ್ತತತ್ತ್ವವನ್ನು ಹೇಳಲು ಅವರು ಅಲ್ಲಿ ಯತ್ನಿಸಿದ್ದಾರೆ. ಆ ಯತ್ನ ಪೂರ್ತಿ ಫಲಿಸಿತೆಂದು ನಮಗನ್ನಿಸುವುದಿಲ್ಲ. ಗ್ರಂಥದಲ್ಲಿ ಮಾತನಾಡುವ ಹಿಂದೂಗಳು ಬಹುಪಾಲು ವೇದಾಂತಿಗಳು, ಇಂಗ್ಲಿಷ್ ಬಲ್ಲವರು, ಮೇಲಿನ ಸ್ತರದವರು. ಶಿರೂರಿನ ಸಮಾಧಿಗೆ ಕಾಳು ಹೊತ್ತು ತಂದ ಒಕ್ಕಲು ಅಲ್ಲಿಲ್ಲ. ಗೆಜೆಟಿಯರ್ ಬ್ರಾಹ್ಮಣರನ್ನು ಬಿಟ್ಟು ಎಂದಿದ್ದರೆ, ಸಂವಾದದ ಆರಂಭದ ದಿನಗಳಲ್ಲಿ ಬಿಟ್ಟುಹೋದವರು ಉಳಿದವರೇ. ಕಾರ್ಕಳದ ದೈವದ ಗುಡಿಗಿಂತ ಕಾಲಡಿಯ ಶಂಕರರು ಸಮರ್ಥರಿಗೆ ಹತ್ತಿರವಾದದ್ದು ವಿದ್ಯೆಯ ಫಲವೋ ಮಿತಿಯೋ 

ಈ ಕೊರತೆಯನ್ನು ಎತ್ತಿ ತೋರಿಸಿದ್ದೂ ಬೆಂಗಳೂರಿನ ಅದೇ ಕಾಲೇಜು. 1981ರಲ್ಲಿ ಎ. ಪಿ. ನಿರ್ಮಲ್ ಅಲ್ಲಿ ಶೂದ್ರ ದೈವಶಾಸ್ತ್ರದ ಕಡೆಗೆ ಹೊರಡಬೇಕೆಂದು ಕರೆಕೊಟ್ಟರು. ದಲಿತ ದೈವಶಾಸ್ತ್ರ ಅಲ್ಲಿಂದ ಬೆಳೆಯಿತು. ಭಾರತದ ಸಭೆಗಳಲ್ಲಿ ಬಹುಸಂಖ್ಯಾತರು ದಲಿತರು, ಆದರೆ ಅವರ ದೈವಶಾಸ್ತ್ರ ಮಾತ್ರ ಬ್ರಾಹ್ಮಣ ವೇದಾಂತದೊಡನೆ ಸಂಭಾಷಿಸುತ್ತಿದೆ ಎಂಬುದು ಅವರ ದೂರು. ಅಹಮದನಗರ-ಶಿರೂರು ಸೀಮೆಯ ಸಭೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅಮೇರಿಕನ್ ಮರಾಠಿ ಮಿಶನ್ನಿಗೆ ಸೇರಿದವರಲ್ಲಿ ಹೆಚ್ಚಿನವರು ಮಹಾರ್ ಮತ್ತು ಮಾಂಗ್ ಸಮುದಾಯದವರು. ಗುಡಿಯ ಹೊರಗೆ ನಿಲ್ಲಿಸಿದ ಧರ್ಮಕ್ಕೆ ಅವರಲ್ಲಿ ಒಬ್ಬನು ‘ಇಲ್ಲ’ ಎಂದರೆ ಅದು ಬಾರ್ತರು ಕಲಿಸಿದ ‘ಇಲ್ಲ’ವಲ್ಲ, ಆದರೂ ಅದಕ್ಕೆ ಬಾರ್ಮೆನ್ನಿನ ಘೋಷಣೆಯೊಡನೆ ನಂಟಿಲ್ಲದಿಲ್ಲ. ಧರ್ಮವೆಂಬುದು ಮನುಷ್ಯ ತನ್ನ ಅಹಂಕಾರಕ್ಕೆ ಹಾಕಿಕೊಂಡ ಪವಿತ್ರ ವೇಷವೂ ಆಗಬಲ್ಲದೆಂದು ಬಾರ್ತ್ ಹೇಳಿದ್ದನ್ನು, ಸಂವಾದದ ಉತ್ಸಾಹದಲ್ಲಿ ನಾವು ಬಿಸಾಡಬಾರದು. ಎಲ್ಲ ಧರ್ಮವೂ ಒಳ್ಳೆಯದೇ ಎಂಬ ಮಾತು ಕೇಳಲು ಹಿತ. ಹೊರಗೆ ನಿಂತವನು ಅದನ್ನು ಕೇಳಿದರೆ ಏನೆಂದುಕೊಂಡಾನು?

ಗುರುಗಳಿಬ್ಬರೂ ಕೊನೆಗೆ ತುಸು ಬದಲಾದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1956ರ ಒಂದು ಉಪನ್ಯಾಸದಲ್ಲಿ ಬಾರ್ತ್ ದೇವರ ಮನುಷ್ಯತ್ವದ ಮಾತೆತ್ತಿ, ಹಿಂದೆ ತಾವು ಅಂತರವನ್ನು ಒತ್ತಿಹೇಳಿದ್ದು ಏಕಪಕ್ಷೀಯವಾಯಿತೆಂದು ಒಪ್ಪಿಕೊಂಡರು. 1959ರ ಸಂಪುಟದಲ್ಲಿ ಚರ್ಚಿನ ಗೋಡೆಗಳ ಹೊರಗೂ ಬೆಳಕಿನ ಕಿಡಿಗಳುಂಟೆಂದರು. ಟಿಲಿಕರು 1965ರ ಅಕ್ಟೋಬರ್ 12ರಂದು ಷಿಕಾಗೋದಲ್ಲಿ ಕೊಟ್ಟ ಕೊನೆಯ ಉಪನ್ಯಾಸದ ವಿಷಯವೇ ಜಗತ್ತಿನ ಧರ್ಮಗಳ ಚರಿತ್ರೆ ದೈವಶಾಸ್ತ್ರಕ್ಕೆ ಎಷ್ಟು ಮುಖ್ಯವೆಂಬುದು. ಹತ್ತು ದಿನಗಳ ನಂತರ ತೀರಿಕೊಂಡರು. ಅವರು ನಿಲ್ಲಿಸಿದಲ್ಲಿಂದ ಮುಂದುವರಿಸಿದವರಲ್ಲಿ ಅವರ ಕಾರ್ಕಳದ ಶಿಷ್ಯರೂ ಒಬ್ಬರೆಂದರೆ ತಪ್ಪಾಗದು.

ಸಮರ್ಥರು ಜಿನೀವಾದ ಕೆಲಸ ಮುಗಿಸಿ ಬೆಂಗಳೂರಿಗೆ ಮರಳಿದರು. 1991ರಲ್ಲಿ ‘ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್’ ಎಂಬ ಗ್ರಂಥವನ್ನೂ 1996ರಲ್ಲಿ ಆತ್ಮಕಥೆಯನ್ನೂ ಪ್ರಕಟಿಸಿ, 2001ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮುಖ್ಯ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ. ಆದರೆ ಅವರ ಕೆಲಸದ ತಿರುಳು ಗ್ರಂಥಗಳಿಗಿಂತ ಹೆಚ್ಚಾಗಿ ಒಂದು ಸಣ್ಣ ದಾಖಲೆಯಲ್ಲಿದೆ ಎಂದು ನಾವು ತಿಳಿಯುತ್ತೇವೆ. 1977ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯಿಯಲ್ಲಿ ರೂಪುಗೊಂಡು 1979ರಲ್ಲಿ ವಿಶ್ವ ಮಂಡಳಿ ಅಂಗೀಕರಿಸಿದ ಸಂವಾದದ ಮಾರ್ಗಸೂಚಿ ಅದು. ಸಂವಾದ ಏಕೆ ಬೇಕು ಎಂಬುದಕ್ಕೆ ಅದರಲ್ಲಿ ಕೊಟ್ಟಿರುವ ಕಾರಣಗಳಲ್ಲೊಂದನ್ನು ಹುಡುಕಲು ವೇದಾಂತಕ್ಕಾಗಲಿ ಟಿಲಿಕರಿಗಾಗಲಿ ಮೊರೆಹೋಗಿಲ್ಲ; ಮೋಶೆಯ ಹತ್ತು ಆಜ್ಞೆಗಳಿಗೇ ಹೋಗಿದ್ದಾರೆ. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆ ಅದು. ನೆರೆಯವನ ನಂಬಿಕೆ ಏನೆಂದು ಅವನನ್ನೇ ಕೇಳದೆ ಬರೆದುಬಿಡುವುದೂ ಸುಳ್ಳುಸಾಕ್ಷಿಯ ಸಾಲಿಗೇ ಸೇರುತ್ತದೆ. 1935ರಲ್ಲಿ ನೈಲ್ಸ್ ಕೇಳಿದ ಪ್ರಶ್ನೆಗೆ ಉತ್ತರ ಬರಲು ನಾಲ್ವತ್ತನಾಲ್ಕು ವರ್ಷ ಹಿಡಿದಿತ್ತು.